ಐನೂರು ಪದದ ಚೌಕ

ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇತ್ತು. ನನ್ನ ಕೈಕೆಳಗೆ ಪಿಎಚ್‌ಡಿ ಮಾಡುವ ಎಲ್ಲ ವಿದ್ಯಾರ್ಥಿಗಳ ಲಾಗಿನ್, ಪಾಸ್‌ವರ್ಡ್ ಅದರಲ್ಲಿ ಬರೆದಿಟ್ಟಿದ್ದೆ. ಇದು ನಾನೊಬ್ಬಳೇ ಕಂಡುಹಿಡಿದ ಕಳ್ಳದಾರಿಯಲ್ಲ. ನಮ್ಮ ಕಡೆಯ ಕಾಲೇಜುಗಳಲ್ಲಿ ಗೈಡ್ ಆದವರು ಬಹಳಷ್ಟು ಮಂದಿ ಹೀಗೇ ಮಾಡುತ್ತಾರೆ. ಕೊನೆಯ ದಿನ ವಿದ್ಯಾರ್ಥಿ ಊರಿಗೆ ಹೋಗಿರುತ್ತಾನೆ, ಸೈಟ್ ತೆರೆಯುವುದಿಲ್ಲ, ಫೋಟೊ ಅಳತೆ ಸರಿ ಬರುವುದಿಲ್ಲ. ಆಗ ಗೈಡೇ ಕೂತು ಅರ್ಜಿ ತುಂಬಿ ಕಳಿಸುತ್ತಾರೆ. ಪಾಸ್‌ವರ್ಡ್ ಕೊಡುವಾಗ ಯಾವ ವಿದ್ಯಾರ್ಥಿಯೂ ಹಿಂದೆಮುಂದೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಗೈಡ್ ಹತ್ತಿರವೂ ಇಂಥದೇ ಪುಸ್ತಕವಿತ್ತು, ಅದರಲ್ಲಿ ನನ್ನ ಹೆಸರೂ ಇತ್ತು.

ಈಗ ಆ ನೋಟ್‌ಬುಕ್ ಇಲ್ಲ. ನಾನೇ ಹರಿದು ಹಾಕಿದೆ. ಒಳ್ಳೆಯ ಬುದ್ಧಿ ತಾನಾಗಿ ಬಂದು ಹರಿದೆ ಎಂದು ಯಾರೂ ತಿಳಿಯಬಾರದು.

ನಾನು ಹರಿಹರದವಳು. ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದ. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಸೈನ್ಸ್ ಪಾಠ ಮಾಡಲು ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ನಿಟ್ಟುವಳ್ಳಿಯಲ್ಲಿ ಸ್ವಂತ ಮನೆಯಾಗಿದೆ. ವಿಭಾಗದಲ್ಲಿ ಕೇರಿಯಿಂದ ಬಂದವಳು ಇವತ್ತಿಗೂ ನಾನೊಬ್ಬಳೇ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಲೇಜಿಗೆ ತಪಾಸಣೆ ಸಮಿತಿ ಬರುವ ದಿನ ಮಾತ್ರ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ.

ನನ್ನ ಪಿಎಚ್‌ಡಿ ಆದದ್ದೂ ಒಂದು ಫೆಲೋಶಿಪ್ಪಿನಿಂದಲೇ. ಅದರ ಅರ್ಜಿಯಲ್ಲಿ ಮನೆಯ ಬಗ್ಗೆಯೂ ಒಂದು ಪುಟ ಬರೆದಿದ್ದೆ. ಅದರ ಸಂದರ್ಶನಕ್ಕೆ ನಾನು ಮೂರು ವಾರ ಊಟ ನಿದ್ದೆ ಬಿಟ್ಟು ತಯಾರಾಗಿದ್ದೆ. ಎದುರಿಗೆ ಐದು ಜನ ದೊಡ್ಡವರು ಕೂತಿದ್ದರು. ಒಬ್ಬರಾದರೂ ಕಂಪ್ಯೂಟರಿನ ಸುದ್ದಿ ಎತ್ತಬೇಕಲ್ಲ! ತಂದೆ ಮಳೆಗಾಲದಲ್ಲಿ ಏನು ಮಾಡುತ್ತಾರೆ, ಮನೆಯಲ್ಲಿ ದೀಪ ಇತ್ತೇ, ನಿನಗೂ ಚಪ್ಪಲಿ ಹೊಲಿಯಲು ಬರುತ್ತದೆಯೇ. ಎರಡನೇ ಪ್ರಶ್ನೆಗೇ ನನಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಿತು. ಕಣ್ಣಲ್ಲಿ ನೀರು ತಂದುಕೊಂಡು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಫೆಲೋಶಿಪ್ ಸಿಕ್ಕಿತು. ನಾನು ಬರೆದ ಪ್ರೋಗ್ರಾಮನ್ನು ಅವರಲ್ಲಿ ಯಾರಾದರೂ ಓದಿದ್ದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಆ ದಿನ ಹೊಟ್ಟೆ ಉರಿದಿತ್ತು. ಅದೇ ಉರಿಯಿಂದ ನಾನು ಇನ್ನೇನಾದರೂ ಕಲಿಯಬಹುದಿತ್ತು. ಕಲಿತದ್ದು ಇಷ್ಟೇ: ಹೀಗೆ ಮಾಡಿದರೆ ಸಿಗುತ್ತದೆ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಲೋಕಿಕೆರೆಯವಳು, ನಮ್ಮ ಜನವೇ. ನಮ್ಮಲ್ಲೇ ಎಂ.ಟೆಕ್ ಮುಗಿಸಿ ನನ್ನ ಹತ್ತಿರ ಪಿಎಚ್‌ಡಿಗೆ ಸೇರಿದಳು. ಮೆಕ್ಕೆಜೋಳದ ಎಲೆಯ ಫೋಟೊ ನೋಡಿ ರೋಗ ಯಾವುದೆಂದು ಹೇಳುವ ಪ್ರೋಗ್ರಾಮುಗಳು ಬೇಕಾದಷ್ಟು ಬಂದಿವೆ. ಅವೆಲ್ಲ ದೊಡ್ಡ ಕಂಪ್ಯೂಟರ್, ಒಳ್ಳೆಯ ನೆಟ್ ಇದ್ದರೆ ಮಾತ್ರ ನಡೆಯುತ್ತವೆ. ಇವಳದು ಆ ದೊಡ್ಡದನ್ನು ಕುಗ್ಗಿಸಿ ಕುಗ್ಗಿಸಿ, ಹೊಲದಲ್ಲಿ ನೆಟ್ ಇಲ್ಲದ ಹಳೇ ಫೋನಿನಲ್ಲೂ ಓಡುವಂತೆ ಮಾಡುವ ಕೆಲಸ. ಕುಗ್ಗಿಸಿದರೆ ಬುದ್ಧಿ ಕೆಡಬಾರದು, ಅದೇ ಕಷ್ಟ. ಅವಳು ಹಿಡಿದ ದಾರಿ ನನಗೂ ಹೊಳೆದಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅಂಥ ತಲೆ ನನ್ನ ಮುಂದೆ ಒಂದೇ ಸಲ ಬಂದು ಕೂತದ್ದು.

ಅವಳ ಮನೆಯವರು ದೇವರಾಜ ಅರಸು ಬಡಾವಣೆಯಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್ ಬಾಡಿಗೆಗೆ ಹಿಡಿದಿದ್ದರು. ಅಪ್ಪ ಶಾಲೆ ಬಸ್ಸಿನ ಡ್ರೈವರ್. ಅವ್ವ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಬೀದಿಯ ಮನೆಗಳಿಗೆ ಕೊಡುತ್ತಿದ್ದಳು. ಮುಂದಿನ ಪೋರ್ಷನ್ನಿನಲ್ಲಿದ್ದ ಮನೆ ಯಜಮಾನರಿಗೆ ಮಂಡಿಪೇಟೆಯಲ್ಲಿ ಅಂಗಡಿ. ಅವರ ಹೆಂಡತಿಯೇ ಮೊದಲ ಗಿರಾಕಿ; ಆಮೇಲೆ ಅಕ್ಕಪಕ್ಕದ ಮನೆಗಳನ್ನೂ ಅವರೇ ಹಿಡಿದು ಕೊಟ್ಟರು. "ಇಂಥಾ ತೆಳ್ಳನ ರೊಟ್ಟಿ ನಮ್ಮ ಅತ್ತೇನೂ ತಟ್ತಿರ್ಲಿಲ್ಲ ಬಿಡ್ರಿ" ಎಂದು ಎಲ್ಲರ ಮುಂದೆ ಹೊಗಳುತ್ತಿದ್ದರಂತೆ. ಮಗಳ ಓದು ನಡೆಯುತ್ತಿದ್ದದ್ದು ಆ ಹಂಚಿನ ಮೇಲೆಯೇ.

ವಾರಕ್ಕೊಮ್ಮೆ ಆ ಹುಡುಗಿ ನನಗೂ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತರುತ್ತಿದ್ದಳು. ಒಂದು ಭಾನುವಾರ ಅವರ ಮನೆಗೇ ಊಟಕ್ಕೆ ಹೋಗಿದ್ದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹುಡುಗಿ ನೀರು ತರಲು ಹೊರಗೆ ಹೋದಾಗ ಅವ್ವ ದನಿ ತಗ್ಗಿಸಿ ಹೇಳಿದಳು.

"ಇವರು ಊರಾಗೆ ಹಲಗೆ ಬಾರಿಸ್ತಿದ್ರು ಮೇಡಮ್ಮೋರೆ. ಸತ್ತೋರ ಮನೆ ಮುಂದೆ ಬಾರಿಸಿ, ಅವ್ರು ಕೊಟ್ಟಿದ್ದು ಹೊರಗ ಕುಂತು ಉಣ್ಣಬೇಕಿತ್ತು. ಮಗಳು ಹುಟ್ಟಿದ ವರ್ಷ ಹಲಗೆ ಅಟ್ಟಕ್ಕೆ ಹಾಕಿ ಡ್ರೈವಿಂಗ್ ಕಲಿತ್ರು. ಇಲ್ಲಿ ಯಾರಿಗೂ ಗೊತ್ತಿಲ್ಲ. ಯಾವೂರು ಅಂತ ಕೇಳಿದ್ರು, ಲೋಕಿಕೆರೆ ಅಂದ್ವಿ. ಹೊಲ ಐತಾ ಅಂದ್ರು, ಐತ್ರಿ ಒಂದಿಷ್ಟು ಅಂದ್ವಿ. ಮುಂದೆ ಅವ್ರು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ನೀವು ನಮ್ಮೋರು ಅಂತ ಹೇಳ್ತಿದೀನಿ."

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಎಷ್ಟೋ ದಿನದ ಮೇಲೆ ತವರಿನ ಊಟ ಉಂಡ ಹಾಗಾಗಿತ್ತು.

ಕಂಪ್ಯೂಟರ್ ಕ್ಷೇತ್ರದಲ್ಲಿ 'ಕಡಿಮೆ ಪ್ರಾತಿನಿಧ್ಯ' ಇರುವ ಸಮುದಾಯಗಳ ಸಂಶೋಧಕರಿಗೆಂದು ಒಂದು ದೊಡ್ಡ ಟ್ರಸ್ಟು ಫೆಲೋಶಿಪ್ ಕೊಡುತ್ತದೆ. ಕಡಿಮೆ ಪ್ರಾತಿನಿಧ್ಯ ಎನ್ನುವುದು ಬಹಳ ಸಭ್ಯವಾದ ಮಾತು. ಕಡಿಮೆ ಮಾಡಿದವರು ಯಾರು ಎಂದು ಮಾತ್ರ ಅದು ಹೇಳುವುದಿಲ್ಲ. ವಯಸ್ಸಿನ ಮಿತಿಯಿಂದಾಗಿ ಹುಡುಗಿಗೆ ಅದೇ ಕೊನೆಯ ವರ್ಷ. ಸಿಗದಿದ್ದರೆ ಪಿಎಚ್‌ಡಿ ಬಿಟ್ಟು ಎಲ್ಲಾದರೂ ಕೆಲಸಕ್ಕೆ ಸೇರಬೇಕಿತ್ತು. ಅವ್ವನಿಗೆ ಮೊಣಕೈ ನೋವು ಶುರುವಾಗಿತ್ತು; ಇನ್ನೊಂದು ವರ್ಷ ಮಾತ್ರ ತಟ್ಟುತ್ತೇನೆ ಎಂದಿದ್ದಳು.

ಅರ್ಜಿಯಲ್ಲಿ ಸಂಶೋಧನೆಗೆ ಒಂದು ಭಾಗ. ಅದರ ಕೆಳಗೆ ಒಂದು ಚೌಕ: 'ನಿಮ್ಮ ವ್ಯಾಸಂಗದಲ್ಲಿ ನೀವು ಎದುರಿಸಿದ ಅಡೆತಡೆಗಳನ್ನು ಐನೂರು ಪದ ಮೀರದಂತೆ ವಿವರಿಸಿ.' ಹುಡುಗಿ ಸಂಶೋಧನೆಯ ಭಾಗವನ್ನು ಎಷ್ಟು ಚೆನ್ನಾಗಿ ಬರೆದಿದ್ದಳೆಂದರೆ ನನಗೆ ಒಂದು ಅಲ್ಪವಿರಾಮ ತೆಗೆಯುವ ಕೆಲಸವೂ ಇರಲಿಲ್ಲ. ಚೌಕದಲ್ಲಿ ಮಾತ್ರ ಎರಡು ವಾಕ್ಯ: 'ಲ್ಯಾಬ್ ಸಂಜೆ ಐದಕ್ಕೆ ಮುಚ್ಚುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಒಂದು ಪ್ರಯೋಗಕ್ಕೆ ಒಂಬತ್ತು ದಿನ ಹಿಡಿಯುತ್ತದೆ.'

"ಇದೇನೆ ಇದು? ಅಡೆತಡೆ ಕೇಳಿದ್ರೆ ಲ್ಯಾಬ್ ಕಂಪ್ಲೇಂಟ್ ಬರೆದಿದ್ದೀಯ" ಎಂದೆ.

"ನಂಗೆ ಅಡ್ಡಿ ಆಗಿದ್ದು ಅದೇ ರೀ ಮೇಡಂ."

"ಮನೆ ಬಗ್ಗೆ ಬರಿ. ನಿಮ್ಮಪ್ಪನ ಬಗ್ಗೆ ಬರಿ."

"ಪಿಎಚ್‌ಡಿ ಮಾಡ್ತಿರೋದು ನಮ್ಮಪ್ಪ ಅಲ್ಲಲ್ರಿ" ಎಂದಳು. ನಗಲಿಲ್ಲ, ಕೊಬ್ಬಿನಿಂದಲೂ ಹೇಳಲಿಲ್ಲ. ಲೆಕ್ಕದಲ್ಲಿ ತಪ್ಪು ತೋರಿಸುವ ಹಾಗೆ ಹೇಳಿದಳು.

ನನಗೆ ಸಿಟ್ಟು ಬಂತು. ಪ್ರಪಂಚ ಕಾಣದ ಹುಡುಗಿ, ಯಾವ ಬಾಗಿಲಿಗೆ ಎಷ್ಟು ಬಗ್ಗಬೇಕು ಎಂದು ಇವಳಿಗೇನು ಗೊತ್ತು ಎಂದುಕೊಂಡೆ. ಸಿಟ್ಟಿನ ತಳದಲ್ಲಿ ಇನ್ನೊಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ನಾನು ಬಗ್ಗಿದ್ದೆ. ಇವಳು ಬಗ್ಗದೆ ಒಳಗೆ ಹೋಗಿಬಿಟ್ಟರೆ, ನಾನು ಬಗ್ಗಿದ್ದಕ್ಕೆ ಏನು ಅರ್ಥ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದಿತ್ತು.

ಕೊನೆಯ ದಿನ ಮಧ್ಯಾಹ್ನ ಅವಳು ಎಲೆಗಳ ಫೋಟೊ ತೆಗೆಯಲು ಲೋಕಿಕೆರೆಗೆ ಹೋಗಿದ್ದಳು. "ಎಲ್ಲಾ ತುಂಬೀನಿ ಮೇಡಂ, ನೀವೊಂದ್ಸಲ ನೋಡಿ ಕಳಿಸಿಬಿಡ್ರಿ" ಎಂದು ಹೇಳಿ ಹೋಗಿದ್ದಳು. ನಾನು ಬಾಗಿಲು ಮುಂದೆ ಮಾಡಿ ಡ್ರಾಯರ್ ಎಳೆದೆ. ನೋಟ್‌ಬುಕ್ ತೆಗೆದು ಅವಳ ಹೆಸರಿನಲ್ಲಿ ಒಳಹೊಕ್ಕೆ. ಆ ಎರಡು ವಾಕ್ಯ ಅಳಿಸಿದೆ. ಚೌಕ ಖಾಲಿಯಾಯಿತು.

ಬರೆಯಲು ಒಂದು ಗಂಟೆಯೂ ಹಿಡಿಯಲಿಲ್ಲ. ಇಂಗ್ಲಿಷಿನಲ್ಲಿ ಬರೆದೆ. ಸಾವಿನ ಮನೆಯ ಮುಂದೆ ಹಲಗೆ ಬಾರಿಸುವ ಅಪ್ಪ, ಹೊರಗೆ ಕುಳಿತು ಉಣ್ಣುವ ಅಪ್ಪ, ಆ ಹಲಗೆಯ ಎರಡು ಪೆಟ್ಟಿನಲ್ಲೇ ಸೊನ್ನೆ ಮತ್ತು ಒಂದನ್ನು ಕೇಳಿಸಿಕೊಂಡು ಕಂಪ್ಯೂಟರಿಗೆ ಒಲಿದ ಮಗಳು. ಸೊನ್ನೆ ಮತ್ತು ಒಂದಂತೆ! ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಆ ಅಪ್ಪ ಹಲಗೆ ಬಿಟ್ಟು ಮಗಳ ವಯಸ್ಸಿನಷ್ಟು ವರ್ಷವಾಗಿತ್ತು. ನಾನು ಇವತ್ತಿಗೂ ಬಾರಿಸುತ್ತಿದ್ದಾನೆ ಎಂದು ಬರೆದೆ. ಬಾರಿಸುತ್ತಿದ್ದ ಎನ್ನುವುದಕ್ಕಿಂತ ಬಾರಿಸುತ್ತಾನೆ ಎನ್ನುವುದಕ್ಕೆ ತೂಕ ಹೆಚ್ಚು ಎಂದು ನನಗೆ ಅನುಭವದಿಂದ ಗೊತ್ತಿತ್ತು. ಬರೆದದ್ದನ್ನು ಎರಡು ಸಲ ಓದಿ, ನನ್ನದೇ ಬರಹಕ್ಕೆ ನಾನೇ ಒಂದಿಷ್ಟು ಕಣ್ಣೀರು ಹಾಕಿ, ಕಳಿಸುವ ಗುಂಡಿ ಒತ್ತಿದೆ. ಅವಳಿಗೆ 'ಅರ್ಜಿ ಹೋಯಿತು' ಎಂದಷ್ಟೇ ಮೆಸೇಜ್ ಮಾಡಿದೆ.

ಎರಡು ತಿಂಗಳಿಗೆ ಸಂದರ್ಶನದ ಕರೆ ಬಂತು. ವಿಡಿಯೊದಲ್ಲಿ. ನನ್ನ ಕೋಣೆಯಲ್ಲಿ ನೆಟ್ ಚೆನ್ನಾಗಿದ್ದರಿಂದ ಅಲ್ಲೇ ಕೂರಿಸಿದೆ. ಕ್ಯಾಮೆರಾಗೆ ಕಾಣದಂತೆ ಲ್ಯಾಪ್‌ಟಾಪಿನ ಹಿಂದೆ ಒಂದು ಕುರ್ಚಿ ಹಾಕಿಕೊಂಡು ನಾನೂ ಕೂತೆ. ಹುಡುಗಿ ಪ್ರಯೋಗದ ಚಿತ್ರಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು. ಆಗಲಾದರೂ ಹೇಳಬೇಕಿತ್ತು. ಹೇಳಿದರೆ ಗಾಬರಿಯಾಗುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೊದಲ ದನಿ ಬಹಳ ಮೃದುವಾಗಿತ್ತು. ನಿಮ್ಮ ಬರಹ ಓದಿ ನಮಗೆಲ್ಲ ಗಂಟಲು ಕಟ್ಟಿತು ಎಂದರು. ತಂದೆಯವರು ಈಗಲೂ ಹಲಗೆ ಬಾರಿಸುತ್ತಾರೆಯೇ ಎಂದು ಕೇಳಿದರು. ನಿಮಗೂ ಬಾರಿಸಲು ಬರುತ್ತದೆಯೇ?

ಹುಡುಗಿ ಪರದೆಯಿಂದ ಕಣ್ಣೆತ್ತಿ, ಅದರ ಮೇಲಿಂದ ನನ್ನನ್ನು ನೋಡಿದಳು. ಬಯ್ಯುವ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಮನೆಯ ಬೀಗ ಒಡೆದದ್ದು ಯಾರು ಎಂದು ಗೊತ್ತಾದಾಗಿನ ನೋಟ.

"ನಮ್ಮ ತಂದೆ ಶಾಲೆ ಬಸ್ ಓಡಿಸ್ತಾರೆ ಸರ್" ಎಂದಳು.

ಆ ಕಡೆ ಕಾಗದ ತಿರುವುವ ಸದ್ದು ಕೇಳಿಸಿತು. ಅರ್ಜಿಯಲ್ಲಿ ಸುಳ್ಳಿದ್ದರೆ ರದ್ದು ಎಂದು ಮೊದಲ ಪುಟದಲ್ಲೇ ಅಚ್ಚಾಗಿತ್ತು. ಹುಡುಗಿ ಮತ್ತೆ ಪರದೆಯ ಕಡೆ ತಿರುಗಿ, "ಮೊದ್ಲು ಬಾರಿಸ್ತಿದ್ರು ಸರ್. ನಂಗೆ ಬರಲ್ಲ" ಎಂದಳು. ನನ್ನ ಸುಳ್ಳಿಗೆ ಅಷ್ಟು ತೇಪೆ ಹಾಕಿ ಕಾಪಾಡಿದಳು. ಉಳಿದ ಹೊತ್ತೆಲ್ಲ ಲೋಕಿಕೆರೆಯ ಕೇರಿ, ಅಲ್ಲಿನ ನೀರು, ಶಾಲೆ. ಕೊನೆಗೆ ಒಬ್ಬರು, ಹೊತ್ತಾಯಿತು, ಸಂಶೋಧನೆ ಬಗ್ಗೆಯೂ ಎರಡು ನಿಮಿಷ ಹೇಳಿ ಎಂದರು. ಎರಡು ನಿಮಿಷದಲ್ಲೇ ಹೇಳಿದಳು. ಜೋಡಿಸಿಟ್ಟ ಚಿತ್ರಗಳಲ್ಲಿ ಮೊದಲನೆಯದು ತೋರಿಸುವಷ್ಟರಲ್ಲಿ ಹೊತ್ತು ಮುಗಿಯಿತು.

ಲ್ಯಾಪ್‌ಟಾಪ್ ಮುಚ್ಚಿ ಕೇಳಿದಳು, "ಯಾಕ ಹಂಗ್ ಮಾಡಿದ್ರಿ ಮೇಡಂ?"

"ನಿನಗೆ ಸಿಗಲಿ ಅಂತ."

"ನಮ್ಮವ್ವ ನಿಮ್ಗೆ ಹೇಳಿದ್ದು, ಅಲ್ರೀ?"

ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದೆ. "ಪಾಸ್‌ವರ್ಡ್ ಬದ್ಲಾಯಿಸ್ತೀನಿ" ಎಂದಷ್ಟೇ ಹೇಳಿ ಎದ್ದು ಹೋದಳು.

ಆ ದಿನ ನನಗೆ ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನಾಚಿಕೆಯಾಗಲಿಲ್ಲ, ಕೋಪ ಬಂತು. ಉಪಕಾರ ಮಾಡಿದವಳ ಮುಖಕ್ಕೇ ಹೀಗಾ ಎಂದು ಮನೆಗೆ ಹೋಗಿ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂದಾಗ, ನೋಡಿದೆಯಾ ಎಂದು ಅವಳ ಮುಂದೆ ಬೀಗಿಯೂ ಬೀಗಿದೆ. ಅವಳು "ಹ್ಞೂಂ ರೀ" ಎಂದಳು.

ಕಾಲೇಜಿನ ಆಡಳಿತ ಮಂಡಳಿಯವರು ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಹಣ್ಣಿನ ಬುಟ್ಟಿ. ನಿರೂಪಣೆ ಮಾಡುವ ಉಪನ್ಯಾಸಕ ಹಿಂದಿನ ದಿನ ಫೋನ್ ಮಾಡಿ, ಹುಡುಗಿಯ ಪರಿಚಯಕ್ಕೆ ನಾಲ್ಕು ಸಾಲು ಕೊಡಿ ಎಂದ. ಆಗ ನಾನು ಪರೀಕ್ಷೆಯ ಪತ್ರಿಕೆಗಳಲ್ಲಿ ಮುಳುಗಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಐನೂರು ಪದ ಹಾಗೇ ಇತ್ತು. ಅದನ್ನೇ ಕಳಿಸಿದೆ. ಕೆಲಸದ ಗಡಿಬಿಡಿ ಎಂದು ಬಹಳ ದಿನ ನನ್ನನ್ನು ನಾನೇ ನಂಬಿಸಿಕೊಂಡೆ. ಗಡಿಬಿಡಿ ಅಲ್ಲ. ನಾನು ಬರೆದದ್ದು ಚೆನ್ನಾಗಿತ್ತು, ನಾಲ್ಕು ಜನರಿಗೆ ಕೇಳಿಸಲಿ ಎಂಬ ಆಸೆ ಇತ್ತು.

ಅವ್ವ ಆ ದಿನ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಒಬ್ಬಳೇ ಬಂದಿರಲಿಲ್ಲ. ಮಗಳಿಗೆ ಹಾರ ಹಾಕುತ್ತಾರೆಂದು ಮನೆ ಯಜಮಾನರ ಹೆಂಡತಿಯನ್ನೂ ರೊಟ್ಟಿ ಒಯ್ಯುವ ಇನ್ನಿಬ್ಬರು ಹೆಂಗಸರನ್ನೂ ಆಟೊ ಮಾಡಿ ಕರೆತಂದಿದ್ದಳು. ನಾಲ್ವರೂ ಮೂರನೇ ಸಾಲಿನಲ್ಲಿ ಕೂತಿದ್ದರು; ಅದೇ ಸಾಲಿನ ಇನ್ನೊಂದು ತುದಿಯಲ್ಲಿ ನಾನಿದ್ದೆ. ಬಸ್ಸಿನ ಟ್ರಿಪ್ ಮುಗಿಸಿ ಬಂದ ಅಪ್ಪ ಖಾಕಿ ಅಂಗಿಯಲ್ಲೇ ಹಿಂದೆ ನಿಂತಿದ್ದ.

ಉಪನ್ಯಾಸಕನಿಗೆ ಸಾಹಿತ್ಯದ ಹುಚ್ಚು. ನನ್ನ ಇಂಗ್ಲಿಷನ್ನು ಕನ್ನಡಕ್ಕೆ ತಂದು, ಮೇಲೊಂದಿಷ್ಟು ಬೆಲ್ಲ ಸುರಿದು ಮೈಕಿನಲ್ಲಿ ಓದಿದ. ಸಾವಿನ ಮನೆ ಬಂತು. ಹಲಗೆ ಬಂತು. ಹೊರಗೆ ಕೂತು ಉಣ್ಣುವುದು ಬಂತು. ಕೈ ಕೆಸರಾದರೆ ಬಾಯಿ ಮೊಸರು ಎಂಬುದಕ್ಕೆ ಈ ತಾಯಿ ತಂದೆಯೇ ಸಾಕ್ಷಿ, ದಯಮಾಡಿ ಎದ್ದು ನಿಲ್ಲಬೇಕು ಎಂದು ಮೂರನೇ ಸಾಲಿಗೆ ಕೈ ತೋರಿಸಿದ. ಸಭೆ ಚಪ್ಪಾಳೆ ತಟ್ಟಿತು. ಅವ್ವ ಅರ್ಧ ಎದ್ದು, ಸೆರಗು ಹೊದ್ದುಕೊಂಡು, ಕುಳಿತಳು. ಮನೆ ಯಜಮಾನತಿಯೂ ಚಪ್ಪಾಳೆ ತಟ್ಟಿದರು. ತಟ್ಟುತ್ತಲೇ ಮಡಿಲಲ್ಲಿದ್ದ ವ್ಯಾನಿಟಿ ಬ್ಯಾಗನ್ನು ಅವ್ವನಿಂದ ಆಚೆಗಿನ ತೋಳಿಗೆ ಹಾಕಿಕೊಂಡರು. ಹಿಂದೆ ತಿರುಗಿ ನೋಡಿದೆ. ಖಾಕಿ ಅಂಗಿ ಇರಲಿಲ್ಲ.

ವೇದಿಕೆಯ ಮೇಲೆ ಹುಡುಗಿ ಹಾರವನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಳು. ಮಾತಾಡಿ ಎಂದರೆ, "ಥ್ಯಾಂಕ್ಸ್, ಲ್ಯಾಬ್ ಎಂಟು ಗಂಟೆವರೆಗೂ ತೆಗೆದಿಟ್ರೆ ಅನುಕೂಲ ಆಗ್ತೈತೆ" ಎಂದು ಹೇಳಿ ಕುಳಿತಳು. ಎಲ್ಲರೂ ನಕ್ಕರು. ಎಷ್ಟು ವಿನಯ ನೋಡಿ ಎಂದು ನನ್ನ ಪಕ್ಕದವರು ಹೇಳಿದರು.

ಆಮೇಲೆ ದೇವರಾಜ ಅರಸು ಬಡಾವಣೆಯ ಆ ಬೀದಿಯಲ್ಲಿ ಯಾರೂ ಜಗಳ ಆಡಲಿಲ್ಲ, ಯಾರೂ ಕೆಟ್ಟ ಮಾತು ಆಡಲಿಲ್ಲ. ಬೀದಿಗೆ ಬೀದಿಯೇ ಚಪಾತಿಗೆ ತಿರುಗಿತು, ಅಷ್ಟೇ. ಒಂದು ಮನೆಯಲ್ಲಿ ಮಕ್ಕಳಿಗೆ ರೊಟ್ಟಿ ಸೇರುತ್ತಿಲ್ಲ. ಇನ್ನೊಂದು ಮನೆಯಲ್ಲಿ ಶುಗರ್ ಬಂದಿದೆ, ಡಾಕ್ಟರು ಜೋಳ ಬೇಡ ಎಂದಿದ್ದಾರೆ. ಶುಗರ್ ಇದ್ದವರಿಗೆ ಜೋಳದ ರೊಟ್ಟಿಯನ್ನೇ ತಿನ್ನಿ ಎನ್ನುವ ಡಾಕ್ಟರುಗಳನ್ನು ಮಾತ್ರ ನಾನು ಕಂಡಿದ್ದೇನೆ. ಆ ಬೀದಿಗೆ ಬೇರೆ ಡಾಕ್ಟರು ಇದ್ದಿರಬೇಕು. ಮತ್ತೊಬ್ಬರು ರೊಟ್ಟಿ ಒತ್ತುವ ಮಷಿನ್ ಕೊಂಡರು. ಮನೆ ಯಜಮಾನತಿ ಎಲ್ಲರಿಗಿಂತ ನಯ. "ಮೊದ್ಲೇ ಹೇಳಿದ್ರೆ ನಾವೇನು ಬ್ಯಾಡ ಅಂತಿದ್ವಾ? ನಮ್ಗೇನು ಹಂಗೆಲ್ಲ ಇಲ್ಲಪ್ಪ" ಎಂದು ಅವ್ವನ ಮುಂದೆ ಬೇಜಾರು ಮಾಡಿಕೊಂಡರಂತೆ. ಆ ದಿನದಿಂದ ರೊಟ್ಟಿ ಒಯ್ಯಲು ಬರುತ್ತಿದ್ದ ಡಬ್ಬಿ ಅವರ ಮನೆಯಿಂದಲೂ ಬರಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ತಿಂಗಳು ಕಳೆದ ಮೇಲೆ. ನನಗೆ ಬರುತ್ತಿದ್ದ ರೊಟ್ಟಿ ನಿಂತಿತ್ತು. ಹುಡುಗಿಗೆ ನನ್ನ ಮೇಲೆ ಮುನಿಸು ಎಂದುಕೊಂಡಿದ್ದೆ. ಒಂದು ದಿನ ನೇರ ಕೇಳಿದೆ. "ಹಂಚೇ ಇಡ್ತಿಲ್ಲ ಮೇಡಂ" ಎಂದು ಹೇಳಿ, ಬೀದಿಯ ಕತೆಯನ್ನು ಪ್ರಯೋಗದ ಫಲಿತಾಂಶ ಒಪ್ಪಿಸುವ ಹಾಗೆ ಒಂದೊಂದೇ ಮನೆ ಹಿಡಿದು ಒಪ್ಪಿಸಿದಳು. ಅವ್ವ ಈಗ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತಿಕ್ಕಲು ಹೋಗುತ್ತಾಳೆ. ಫೆಲೋಶಿಪ್ಪು ಮನೆ ಖರ್ಚಿಗೆ ಹೋಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಇದೆಯಲ್ಲ, ಇಲ್ಲಿ ಅದೂ ಸುಳ್ಳಾಯಿತು. ಮಾಡಿದವಳು ನಾನು, ಉಣ್ಣುತ್ತಿದ್ದವರು ಅವರು.

ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಅವ್ವ ಎಂದಿನಂತೆ "ಬರ್ರಿ ಮೇಡಮ್ಮೋರೆ, ಕೂಡ್ರಿ" ಎಂದು ಚಾಪೆ ಹಾಸಿದಳು. ಅಪ್ಪ ನನ್ನನ್ನು ಕಂಡು ಒಳಗೆ ಹೋದವನು ಹೊರಗೆ ಬರಲಿಲ್ಲ. ಹಂಚು ಗೋಡೆಗೆ ಒರಗಿಸಿತ್ತು. ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದನ್ನೇ ಹೇಳಿದೆ.

"ನೀವು ಮೊದಲಿನ ಹಾಗೆ ತಟ್ಟಿ. ಎಷ್ಟು ತಟ್ಟಿದರೂ ನಾನು ಒಯ್ಯುತ್ತೇನೆ."

ಅವ್ವ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ.

"ನೀವೊಬ್ರು ಎಷ್ಟಂತ ತಿಂತೀರಿ ಮೇಡಮ್ಮೋರೆ" ಎಂದಳು.

ಚಹಾ ಕೊಟ್ಟಳು. ಕುಡಿದು ಎದ್ದು ಬಂದೆ.

ಆ ಭಾನುವಾರ ಹರಿಹರಕ್ಕೆ ಹೋದೆ. ಅಪ್ಪ ಅಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾನೆ. ಮೊಮ್ಮಕ್ಕಳ ಗಲಾಟೆ ನಡುವೆ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಯಾರ ಹತ್ತಿರವಾದರೂ ಹೇಳಿ, ನಿನ್ನ ತಪ್ಪೇನಿದೆ, ಒಳ್ಳೆಯದಕ್ಕೇ ಮಾಡಿದ್ದಲ್ಲವಾ ಎಂದು ಅನ್ನಿಸಿಕೊಳ್ಳಬೇಕಿತ್ತು. ಮೊದಲಿಂದ ಕೊನೆವರೆಗೂ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡ.

"ಯವ್ವಾ, ಅವಾಗ ನನ್ನ ಬಗ್ಗೇನೂ ಹಿಂಗೇ ಬರ್ದಿದ್ದೆ ಅಲ್ಲಾ?" ಎಂದ.

"ನಿನಗೆ ಹೆಂಗೆ ಗೊತ್ತು?"

"ಆ ಅರ್ಜಿಗೆ ಜಾತಿ ಸರ್ಟಿಫಿಕೇಟ್ ತರಾಕೆ ಹೋದಾಗ ತಾಲ್ಲೂಕು ಆಫೀಸಿನೋರು ನೀ ಬರ್ದಿದ್ದು ಓದಿ ಹೇಳಿದ್ರು. ಮುದುಕ, ಹರಕು ಚಪ್ಪಲಿ ತೇಪೆ ಹಾಕ್ತಾನೆ, ಮಳೆಯಾಗೆ ನೆನಕಂಡು ಕುಂತಿರ್ತಾನೆ ಅಂತ. ಅವಾಗ ನಾನೇನು ಮುದುಕ ಆಗಿದ್ನಾ? ತೇಪೆನೂ ಹಾಕ್ತಿದ್ದೆ, ಇಲ್ಲ ಅನ್ನಲ್ಲ. ಆದ್ರೆ ನಾನು ಹೊಸಾವು ಮಾಡ್ತಿದ್ನಲ್ಲವ್ವಾ. ದಾವಣಗೆರೆ ಸಾಹುಕಾರ್ರು ಹುಡುಕ್ಕೊಂಡ್ ಬರೋರು ನನ್ನ ಚಪ್ಪಲಿಗೆ. ಅದು ಬರೀಲಿಲ್ಲ ನೀನು."

"ಆಗ ಯಾಕೆ ಹೇಳಲಿಲ್ಲಪ್ಪ?"

"ನೀನು ಕೇಳ್ಲಿಲ್ಲ" ಎಂದ ಅಪ್ಪ. ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ಆಮೇಲೆ ಮೊಮ್ಮಗಳನ್ನು ಕರೆದು ಅವಳ ಶಾಲೆ ಶೂ ಬಿಚ್ಚಿಕೊಡಲು ಹೇಳಿ, ಹಿಮ್ಮಡಿಯ ಹೊಲಿಗೆ ನೋಡತೊಡಗಿದ.

ಸೋಮವಾರ ಕಾಲೇಜಿಗೆ ಹೋದವಳೇ ನೋಟ್‌ಬುಕ್ ಹರಿದೆ. ಹರಿದದ್ದರಿಂದ ಒಂದು ಮನೆಯವರೂ ರೊಟ್ಟಿಗೆ ಡಬ್ಬಿ ಕಳಿಸಲಿಲ್ಲ.

ಹುಡುಗಿ ಗೈಡ್ ಬದಲಿಸುತ್ತಾಳೆ ಎಂದು ಕಾದೆ. ಬದಲಿಸಲಿಲ್ಲ, ಅವಳ ಸಂಶೋಧನೆಯ ವಿಷಯ ತಿಳಿದವರು ಈ ಊರಲ್ಲಿ ಬೇರೆ ಯಾರೂ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ದಿನಾ ಬರುತ್ತಾಳೆ, ಕೇಳಬೇಕಾದ್ದು ಕೇಳುತ್ತಾಳೆ, ನಮಸ್ಕಾರ ಹೇಳಿ ಹೋಗುತ್ತಾಳೆ. ಮನೆಯ ಮಾತು ಒಂದೂ ಆಡುವುದಿಲ್ಲ. ಲ್ಯಾಬ್ ಎಂಟರವರೆಗೆ ತೆರೆದಿಡುವ ಆದೇಶವನ್ನು ನಾನು ಪ್ರಿನ್ಸಿಪಾಲರ ಜೊತೆ ಕಾದಾಡಿ ತಂದೆ, ಗ್ರಾಫಿಕ್ಸ್ ಕಾರ್ಡನ್ನೂ ತರಿಸಿದೆ. ಒಂಬತ್ತು ದಿನದ ಪ್ರಯೋಗ ಈಗ ಅರ್ಧ ದಿನದಲ್ಲಿ ಮುಗಿಯುತ್ತದೆ. ಎರಡು ವಾಕ್ಯದಲ್ಲಿ ಅವಳು ಕೇಳಿದ್ದು ಇಷ್ಟೇ.

ಕಳೆದ ವಾರ ಫೆಲೋಶಿಪ್ಪಿನ ಮುಂದುವರಿಕೆಯ ಅರ್ಜಿ ತಂದಳು. ಇದನ್ನು ಮುದ್ರಿಸಿ, ಗೈಡ್ ಓದಿ ಸಹಿ ಮಾಡಿದ ಮೇಲೆ ಕಳಿಸಬೇಕು. ಎರಡನೇ ಪುಟದಲ್ಲಿ ಮತ್ತದೇ ಚೌಕ: 'ಕಳೆದ ವರ್ಷ ನೀವು ಎದುರಿಸಿದ ಅಡೆತಡೆಗಳು.' ಅದರೊಳಗೆ ಅವಳದೇ ಕೈಬರಹ:

'ಲ್ಯಾಬಿನ ಸಮಯ ಸರಿಯಾಗಿದೆ. ಗ್ರಾಫಿಕ್ಸ್ ಕಾರ್ಡ್ ಬಂದಿದೆ. ಕಳೆದ ವರ್ಷದ ಅರ್ಜಿಯಲ್ಲಿ ಈ ಚೌಕವನ್ನು ನನ್ನನ್ನು ಕೇಳದೆ ನನ್ನ ಗೈಡ್ ಬರೆದಿದ್ದರು. ಇದರಿಂದ ನನ್ನ ತಾಯಿಯ ಕೆಲಸ ಹೋಯಿತು. ಬೇರೆ ಅಡೆತಡೆ ಇಲ್ಲ.'

ಓದಿದೆ. ಇದು ಹೋದರೆ ಟ್ರಸ್ಟಿನವರು ನನ್ನನ್ನು ಕೇಳುತ್ತಾರೆ, ಕಾಲೇಜಿನವರು ಕೇಳುತ್ತಾರೆ. ಅವಳ ಫೆಲೋಶಿಪ್ಪಿಗೂ ಪೆಟ್ಟು ಬೀಳಬಹುದು. ಅದನ್ನು ಹೇಳಲು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಇವಳ ಒಳ್ಳೆಯದು ಇವಳಿಗಿಂತ ನನಗೆ ಗೊತ್ತು ಎಂಬ ಮಾತೇ ಮತ್ತೆ ಬಾಯಿಗೆ ಬರುತ್ತಿತ್ತು. ಬಾಯಿ ಮುಚ್ಚಿಕೊಂಡು, ಮೇಲಿನ ವಿವರಗಳು ಸತ್ಯವೆಂದು ದೃಢೀಕರಿಸುತ್ತೇನೆ ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಸಹಿ ಮಾಡಿ ಕಾಗದವನ್ನು ಅವಳ ಕಡೆ ಸರಿಸಿದೆ.

ಅವಳು ಕಾಗದ ತೆಗೆದುಕೊಳ್ಳಲಿಲ್ಲ.

"ಸೀಲ್ ಹಾಕ್ರಿ ಮೇಡಂ. ಸೀಲ್ ಇಲ್ಲಂದ್ರೆ ಅವ್ರು ನಂಬಲ್ಲ" ಎಂದಳು.

ಡ್ರಾಯರ್ ಎಳೆದು ಸೀಲ್ ತೆಗೆದೆ.